ಆರು ಕವಳದ ದಾರಿ

ಮೇಳಿಗೆಯ ಕನ್ನಮ್ಮನವರ ಕೈಯಲ್ಲಿ ಎಣ್ಣೆ ನೀರು ಹಾಕಿಸಿಕೊಂಡ ಮಕ್ಕಳು ತೀರ್ಥಹಳ್ಳಿ, ಹೊಸನಗರ, ಸಾಗರ ಮೂರು ತಾಲ್ಲೂಕಿನಲ್ಲೂ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಮುಂದೆ ನನ್ನ ಇಬ್ಬರು ಮಕ್ಕಳಿಗೂ ಅವರೇ ನೀರು ಹಾಕಿದರು. ನಾನೀಗ ಹೇಳುತ್ತಿರುವುದನ್ನು ಹೆಚ್ಚುಪಾಲು ಅವರ ಬಾಯಿಂದಲೇ ಕೇಳಿದ್ದು. ಬಾಣಂತಿ ಕೋಣೆಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಅವರು ಮಾತಾಡುತ್ತಿದ್ದರು.

ಬಾಣಂತನವೇ ಅವರ ಕಸುಬು ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಅವರದು ಗೇಣಿಗೆ ಗದ್ದೆ ಮಾಡುವ ಮನೆ. ಗಂಡ ಹೋದ ಮೇಲೆ ಮಗ ಮಾಸ್ತಪ್ಪ ಬೇಸಾಯ ನೋಡಿಕೊಳ್ಳುತ್ತಿದ್ದ. ನಾಟಿಗೆ, ಕೊಯ್ಲಿಗೆ ಕನ್ನಮ್ಮ ಗದ್ದೆಯಲ್ಲಿ ಇರಲೇಬೇಕು. ಮಿಕ್ಕ ದಿನಗಳಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅವರಿಗೆ ಕರೆ ಬರುತ್ತಿತ್ತು. ಒಂದೊಂದು ಮನೆಯಲ್ಲಿ ತಿಂಗಳು, ಒಂದೂವರೆ ತಿಂಗಳು ಇದ್ದು ತಾಯಿ ಮಗುವನ್ನು ಗಟ್ಟಿ ಮಾಡಿ ಬರುತ್ತಿದ್ದರು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಗಡಿಯಾರ ನೋಡಲು ಬರುತ್ತಿತ್ತು. ತೀರ್ಥಹಳ್ಳಿ ಆಸ್ಪತ್ರೆಯ ನರ್ಸಮ್ಮ ಒಬ್ಬರು, ಮದ್ದನ್ನು ಹೊತ್ತು ತಪ್ಪದೆ ಕೊಡಲಿ ಎಂದು ಒಂದು ಮಧ್ಯಾಹ್ನವಿಡೀ ಗೋಡೆ ಗಡಿಯಾರದ ಕೆಳಗೆ ಕೂರಿಸಿಕೊಂಡು ಕಲಿಸಿದ್ದರಂತೆ. ಅದೇ ನರ್ಸಮ್ಮ ಎಲೆಅಡಿಕೆ ವಿಷಯದಲ್ಲಿ ಬೈದಿದ್ದೂ ಉಂಟು. ಬಾಯಿ ತುಂಬ ಕವಳ ಇಟ್ಟುಕೊಂಡು ಮಗುವಿನ ಮುಖದ ಮೇಲೆ ಮಾತಾಡಬೇಡಿ ಅಂದಿದ್ದರು. ಬಿಡಲಂತೂ ಕನ್ನಮ್ಮನಿಗೆ ಆಗಲಿಲ್ಲ. ಗಂಟೆಗೆ ಒಂದೇ ಕವಳ, ಅದೂ ಹೊರಗೆ ಹೋಗಿ ಎಂದು ತಾವೇ ಕಟ್ಟು ಮಾಡಿಕೊಂಡರು. ವರ್ಷಗಟ್ಟಲೆ ಹಾಗೆ ನಡೆಸಿ, ಕೊನೆಗೆ ಗಡಿಯಾರ ಇಲ್ಲದ ಮನೆಯಲ್ಲೂ ಗಂಟೆ ತುಂಬಿತೆಂದರೆ ಅವರ ಬಾಯಿಗೆ ತಾನಾಗಿ ಗೊತ್ತಾಗುತ್ತಿತ್ತು.

ಅರವತ್ತಾರನೇ ಇಸವಿ, ನಾಟಿ ಮುಗಿದು ಎರಡು ವಾರವಾಗಿತ್ತು. ತೀರ್ಥಹಳ್ಳಿಯ ಹೂವಯ್ಯನವರು ಕೊಡೆ ಹಿಡಿದುಕೊಂಡು ಮೇಳಿಗೆಗೆ ಬಂದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗಳು ಮನೋರಮಾ ಹುಟ್ಟಿದಾಗ ನೀರು ಹಾಕಿದ್ದು ಕನ್ನಮ್ಮನೇ. ಆ ಮನೋರಮಾ ಈಗ ಗಂಡನ ಜೊತೆ ಆಫ್ರಿಕಾದ ನೈರೋಬಿ ಎಂಬ ಊರಿನಲ್ಲಿದ್ದಳು. ಗಂಡನಿಗೆ ಅಲ್ಲಿ ರೈಲ್ವೆ ಕಚೇರಿಯಲ್ಲಿ ಕೆಲಸ. ಅವಳಿಗೆ ಈಗ ಏಳು ತಿಂಗಳು. ಊರಿಗೆ ಬರೋಣವೆಂದರೆ ಡಾಕ್ಟರು ಪ್ರಯಾಣ ಬೇಡವೆಂದಿದ್ದಾರೆ. ತಾಯಿ ಹೋಗೋಣವೆಂದರೆ ಅವರ ಮಂಡಿ ಮಡಚುವುದಿಲ್ಲ. ಕನ್ನಮ್ಮನನ್ನು ಕಳಿಸಿದರೆ ನನಗೆ ಬೇರೆ ಯಾರೂ ಬೇಡ ಎಂದು ಮನೋರಮಾ ಬರೆದಿದ್ದಳು. ಹೂವಯ್ಯನವರು ಆ ಕಾಗದವನ್ನು ಜಗಲಿಯ ಮೇಲೆ ಕೂತು ಎರಡು ಸಲ ಓದಿ ಹೇಳಿದರು.

ಕನ್ನಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ದೂರ ಆಗ್ತದೆ ಅಯ್ಯಾ?"

ಬೊಂಬಾಯಿಯಿಂದ ವಿಮಾನದಲ್ಲಿ ಎರಡು ಸಾವಿರದ ಎಂಟುನೂರು ಮೈಲಿ ಎಂದರು ಹೂವಯ್ಯ. ಹೆಚ್ಚು ದೂರ ಸಮುದ್ರದ ಮೇಲೆಯೇ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ್ದಕ್ಕೆ, ಅದು ತನಗೂ ಸರಿಯಾಗಿ ಗೊತ್ತಿಲ್ಲ, ಬೆಳಿಗ್ಗೆ ಹತ್ತಿದರೆ ಅದೇ ದಿನ ಇಳಿಸುತ್ತಾರಂತೆ ಎಂದರು.

ಮಾಸ್ತಪ್ಪನಿಗೆ ಮನಸ್ಸಿರಲಿಲ್ಲ. ಹೊಸನಗರಕ್ಕೋ ಸಾಗರಕ್ಕೋ ಆದರೆ ಸರಿ, ಏನಾದರೂ ಆದರೆ ಹೋಗಿ ಕರೆದುಕೊಂಡು ಬರಬಹುದು. ಅಲ್ಲಿಗೆ ಯಾವ ಗಾಡಿ ಕಟ್ಟಿಕೊಂಡು ಹೋಗಲಿ ಎಂದ. ಕೊಯ್ಲಿಗೆ ಯಾರು ಎಂದೂ ಕೇಳಿದ. ಮರುದಿನ ಕನ್ನಮ್ಮ, ಈ ಸಲ ಕೊಯ್ಲಿಗೆ ನಿನ್ನ ಹೆಂಡತಿಯ ತವರಿನವರನ್ನು ಕರೆಸಿಕೋ ಎಂದು ಮಗನಿಗೆ ಹೇಳಿ, ತೀರ್ಥಹಳ್ಳಿಯ ಬಸ್ಸು ಹತ್ತಿದರು. ನನ್ನ ಹತ್ತಿರ ಇದನ್ನು ಹೇಳುವಾಗ, ಧೈರ್ಯ ಇತ್ತು ಅಂತಲ್ಲ, ಆ ಹುಡುಗಿ ನನ್ನ ಹೆಸರು ಹಿಡಿದು ಕರೆದಿದ್ದಳು ನೋಡು ಎಂದಿದ್ದರು.

ಆಮೇಲೆ ಓಡಾಟ ಶುರುವಾಯಿತು. ಶಿವಮೊಗ್ಗದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಅವರ ಜೀವಮಾನದ ಮೊದಲ ಫೋಟೋ ಅದು. ಅದರಲ್ಲಿ ಮುಖ ಸಿಟ್ಟಾದವರ ಹಾಗೆ ಕಾಣುತ್ತದೆ. ಪಾಸ್‌ಪೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಿಡುಬಿನ ದಾಕು ಹಾಕಿಸಿಕೊಂಡು ತೋಳು ಊದಿ ಮೂರು ದಿನ ಜ್ವರದಲ್ಲಿ ಮಲಗಿದರು. ಸೆಪ್ಟೆಂಬರಿನಲ್ಲಿ ಮನೋರಮಳ ಅಣ್ಣ ಶ್ಯಾಮ ಅವರನ್ನು ಬೊಂಬಾಯಿಗೆ ಕರೆದುಕೊಂಡು ಹೊರಟ. ಶಿವಮೊಗ್ಗದಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಬದಲಾಯಿಸಿ, ಪುಣೆಯಲ್ಲಿ ಮತ್ತೊಮ್ಮೆ ಬದಲಾಯಿಸಿ, ಮನೆ ಬಿಟ್ಟ ಮೂರನೇ ದಿನ ಬೊಂಬಾಯಿ ಮುಟ್ಟಿದರು. ಅಷ್ಟು ಹೊತ್ತಿಗೆ ಕಾಲು ಬಾತುಕೊಂಡು, ಇನ್ನೂ ವಿಮಾನದಲ್ಲಿ ಎಷ್ಟು ದಿನವೋ ಎಂದು ಕನ್ನಮ್ಮನಿಗೆ ಚಿಂತೆಯಾಗಿತ್ತು.

ವಿಮಾನದಲ್ಲಿ ಅವರ ಪಕ್ಕದಲ್ಲಿ ಕೂತವರು ಗುಜರಾತಿನ ಒಬ್ಬ ಮುದುಕಿ. ಮಗನ ಮನೆಗೆ ಹೊರಟವರು. ಇವರ ಮಾತು ಅವರಿಗೆ ತಿಳಿಯದು, ಅವರ ಮಾತು ಇವರಿಗೆ ತಿಳಿಯದು. ಆದರೂ ಬಾಗಿಲು ಹಾಕುವ ಮೊದಲೇ ಆ ಮುದುಕಿ ಡಬ್ಬಿ ತೆಗೆದು ಏನೋ ಖಾರದ ತಿಂಡಿ ಕೈಗೆ ಹಾಕಿದರಂತೆ. ಕನ್ನಮ್ಮ ತಮ್ಮ ಗಂಟಿನಿಂದ ಕಬ್ಬಿನ ಹಾಲಿನ ತೊಡೆದೇವು ತೆಗೆದು ಕೊಟ್ಟರು. ಹೊರಡುವಾಗ ಕಿಟಕಿಯಿಂದ ನಿಲ್ದಾಣದ ಗೋಡೆಯಲ್ಲಿದ್ದ ದೊಡ್ಡ ಗಡಿಯಾರ ನೋಡಿಕೊಂಡರು. ಅದರಲ್ಲಿ ಬೆಳಿಗ್ಗೆ ಆರು. ಹೊರಟ ಕೂಡಲೇ ಒಂದು ಕವಳ ಹಾಕಿಕೊಂಡರು.

ಉಗಿಯುವುದೆಲ್ಲಿ ಎಂಬುದು ಆಮೇಲೆ ಹೊಳೆಯಿತು. ಕಿಟಕಿ ತೆಗೆಯಲು ನೋಡಿದರು, ಬರಲಿಲ್ಲ. ಬಾಯಿ ತುಂಬಿಕೊಂಡು ಕೂತ ಇವರನ್ನು ಕಂಡು ಸೀರೆ ಉಟ್ಟ ಹುಡುಗಿಯೊಬ್ಬಳು ಬಂದು, ಮುಂದಿನ ಸೀಟಿನ ಬೆನ್ನಿನಲ್ಲಿದ್ದ ಕಾಗದದ ಚೀಲ ತೆಗೆದುಕೊಟ್ಟಳು. ವಾಂತಿ ಬಂದವರಿಗೆಂದು ಇಟ್ಟಿರುವ ಚೀಲ ಅದು. ದಾರಿಯುದ್ದಕ್ಕೂ ಕನ್ನಮ್ಮ ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕೂತರು. ಗಂಟೆಗೊಂದು ಕವಳ ಮಾತ್ರ ತಪ್ಪಲಿಲ್ಲ. ಆರನೆಯದು ಬಾಯಲ್ಲಿ ಕರಗಿ ಮುಗಿದು, ಏಳನೆಯದಕ್ಕೆ ಎಲೆ ಒರೆಸುತ್ತಿದ್ದಾಗ ವಿಮಾನ ನೆಲ ಮುಟ್ಟಿತು. ಇಳಿದು ಒಳಗೆ ಬಂದರೆ ಅಲ್ಲಿನ ಗೋಡೆ ಗಡಿಯಾರದಲ್ಲಿ ಒಂಬತ್ತೂವರೆ. ಏನೋ ಸರಿಯಿಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ತುಂಬಿದ ಹೊಟ್ಟೆ ಹೊತ್ತು ಮನೋರಮಾ ಎದುರಿಗೆ ಬಂದಳು. ಗಡಿಯಾರದ ಯೋಚನೆ ಅಲ್ಲಿಗೆ ಮುಗಿಯಿತು.

ನೈರೋಬಿಯ ಐದು ತಿಂಗಳ ಬಗ್ಗೆ ಹೇಳಲು ಅವರ ಹತ್ತಿರ ಬೇಕಾದಷ್ಟಿತ್ತು. ಊರು ನಮ್ಮ ಕಡೆಯ ಹಾಗೇ ತಂಪು. ಮನೋರಮಳಿಗೆ ಹೆಣ್ಣು ಮಗುವಾಯಿತು. ಮೊದಲ ದಿನ ಬಿಸಿನೀರು ಹೊಯ್ಯುವುದನ್ನು ನೋಡಿ ಪಕ್ಕದ ಮನೆಯ ಪಂಜಾಬಿ ಹೆಂಗಸು ಗಾಬರಿಯಾಗಿ ಓಡಿಬಂದಳಂತೆ. ತಿಂಗಳು ಕಳೆಯುವಷ್ಟರಲ್ಲಿ ತನ್ನ ಮೊಮ್ಮಗನನ್ನೂ ತಂದು ಕನ್ನಮ್ಮನ ಕಾಲ ಮೇಲೆ ಮಲಗಿಸುತ್ತಿದ್ದಳು. ಫೆಬ್ರವರಿಯಲ್ಲಿ, ಬೊಂಬಾಯಿಗೆ ಹೊರಟಿದ್ದ ಒಂದು ಸಂಸಾರದ ಜೊತೆ ಕಳಿಸಿಕೊಟ್ಟರು. ಅಲ್ಲಿನ ಗಡಿಯಾರದಲ್ಲಿ ಹತ್ತು ಗಂಟೆಗೆ ವಿಮಾನ ಬಿಟ್ಟಿತು. ಈ ಸಲ ಎಲೆ ಸಿಕ್ಕಿರಲಿಲ್ಲ. ಕಣ್ಣು ಮುಚ್ಚಿದವರು ಅರ್ಧ ದಾರಿ ನಿದ್ದೆಯಲ್ಲೇ ಕಳೆದರು. ಬೊಂಬಾಯಿಯಲ್ಲಿ ಇಳಿದು ಗಡಿಯಾರ ನೋಡಿದರೆ ಸಂಜೆ ಆರೂವರೆ.

ಮೇಳಿಗೆಯ ಬಸ್ ನಿಲ್ಲುವಲ್ಲಿ ಮುಕುಂದಯ್ಯ ಎಂಬ ಏಜೆಂಟರು ಇದ್ದರು. ಹಲಗೆ ಬಾಗಿಲಿನ ಸಣ್ಣ ಅಂಗಡಿ, ಅದರ ಮುಂದೆ ಒಂದು ಬೆಂಚು. ಯಾವ ಬಸ್ಸು ಎಷ್ಟು ಹೊತ್ತಿಗೆ ತೀರ್ಥಹಳ್ಳಿ ಬಿಡುತ್ತದೆ, ಹೊಸನಗರದಲ್ಲಿ ಸಾಗರದ ಬಸ್ಸಿಗೆ ಎಷ್ಟು ಕಾಯಬೇಕು, ಎಲ್ಲ ಅವರ ಬಾಯಲ್ಲಿ. ಕೆಟ್ಟ ಮನುಷ್ಯರಲ್ಲ, ಆದರೆ ಹೊತ್ತಿನ ವಿಷಯದಲ್ಲಿ ತನಗೆ ತಿಳಿಯದ್ದು ಇಲ್ಲವೆಂಬ ಭಾವನೆ. ಕನ್ನಮ್ಮ ಬಸ್ಸಿಳಿದ ದಿನವೇ ಬೆಂಚಿನ ತುಂಬ ಜನ ಸೇರಿದರು. ಎಷ್ಟು ಗಂಟೆ ಹಿಡಿಯಿತು ಎಂಬುದು ಮುಕುಂದಯ್ಯನ ಮೊದಲ ಪ್ರಶ್ನೆ. ಕನ್ನಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಹೋಗುವಾಗ ಆರಕ್ಕೆ ಬಿಟ್ಟು ಒಂಬತ್ತೂವರೆಗೆ ಮುಟ್ಟಿತು, ಬರುವಾಗ ಹತ್ತಕ್ಕೆ ಬಿಟ್ಟು ಆರೂವರೆಗೆ ಮುಟ್ಟಿತು.

ಮುಕುಂದಯ್ಯ ಬೆರಳು ಮಡಚಿ ಲೆಕ್ಕ ಹಾಕಿದರು. "ಹೋಗೋಕೆ ಮೂರೂವರೆ, ಬರೋಕೆ ಎಂಟೂವರೆ. ಬರೋವಾಗ ಆಗುಂಬೆ ಘಾಟಿ ಹತ್ತಿಸಿದ್ರಾ ಹೆಂಗೆ?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಕನ್ನಮ್ಮನೂ ನಕ್ಕರು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಬಸ್ಸಿನ ಜೊತೆ ತೀರ್ಥಹಳ್ಳಿಗೆ ಹೋಯಿತು, ಹೊಸನಗರಕ್ಕೂ ಹೋಯಿತು. ಮೂರೂವರೆ ಗಂಟೆಯಲ್ಲಿ ಅಷ್ಟು ದೂರ ಹೋಗುವ ವಿಮಾನವೇ ಇಲ್ಲ, ಮುದುಕಿ ಬೊಂಬಾಯಿಯಲ್ಲೇ ಎಲ್ಲೋ ಇದ್ದು ಬಂದಿರಬೇಕು ಎಂದವರೂ ಇದ್ದರು. ಕೆಲವರು ಮೂರೂವರೆ ಕನ್ನಮ್ಮ ಎಂದೇ ಕರೆಯತೊಡಗಿದರು. ಆರು ಕವಳದ ವಿಷಯವನ್ನು ಕನ್ನಮ್ಮ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಉಗಿದ ಚೀಲದ ಕಥೆಯೂ ಹೊರಗೆ ಬರುತ್ತದೆ, ಅದಕ್ಕೆ ಇನ್ನಷ್ಟು ನಗುತ್ತಾರೆ ಎಂದು ನಾಚಿಕೆ.

ಹೆಸರಿಟ್ಟು ಕರೆದದ್ದಕ್ಕೆ ಅವರು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಮನಸ್ಸಿಗೆ ಚುಚ್ಚಿದ್ದು ಏಪ್ರಿಲ್ ತಿಂಗಳ ಒಂದು ಬಾಣಂತನದಲ್ಲಿ. ತೀರ್ಥಹಳ್ಳಿ ಹತ್ತಿರದ ಒಂದು ಮನೆ. ಮಗು ಬೆಳಿಗ್ಗೆಯಿಂದ ಮೂರು ಸಲ ಸರಿಯಾಗಿ ಹಾಲು ಕುಡಿದಿದೆ, ಅಳುವುದು ಹಸಿವಿಗಲ್ಲ ಎಂದು ಕನ್ನಮ್ಮ ಹೇಳಿದರು. ಆ ಮನೆಯ ಅತ್ತೆ, ನಿಮ್ಮ ವಿಮಾನದ ಲೆಕ್ಕದ ಹಾಗೆ ಮೂರೋ ಎಂಟೋ ಎಂದುಬಿಟ್ಟರು. ತಮಾಷೆಗೆ ಹೇಳಿದ್ದೇ ಇರಬಹುದು. ಆದರೆ ಇಪ್ಪತ್ತೈದು ವರ್ಷದಲ್ಲಿ ಮಗುವಿನ ಮುಂದೆ ಕೂತು ತಾನು ಹೇಳಿದ ಮಾತನ್ನು ಯಾರೂ ಹಾಗೆ ತೆಗೆದುಹಾಕಿರಲಿಲ್ಲ. ಒಪ್ಪಿಕೊಂಡಷ್ಟು ದಿನ ಇದ್ದು, ಬಾಣಂತಿಯನ್ನು ಚೆನ್ನಾಗಿಯೇ ನೋಡಿಕೊಂಡು ಮನೆಗೆ ಬಂದರು. ಆಮೇಲೆ ನೈರೋಬಿಯ ಮಾತು ಎತ್ತುವುದನ್ನೇ ಬಿಟ್ಟರು. ಯಾರಾದರೂ ಕೇಳಿದರೆ, ಹೋಗಿದ್ದೆ, ಬಂದೆ, ಅಷ್ಟೇ ಎನ್ನುತ್ತಿದ್ದರು.

ಆ ವರ್ಷ ಶಾಲೆಗೆ ಗುತ್ಯಪ್ಪ ಎಂಬ ಹೊಸ ಮೇಷ್ಟ್ರು ಬಂದರು. ಸಾಗರದ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ಕನ್ನಮ್ಮನ ಮನೆಯ ಹೊರಕೋಣೆ ಖಾಲಿಯಿತ್ತು, ಅಲ್ಲೇ ಉಳಿದುಕೊಂಡರು. ಹೆಚ್ಚು ಮಾತಿನವರಲ್ಲ. ಮಳೆಗಾಲವಿಡೀ ಒಂದೇ ಮನೆಯಲ್ಲಿದ್ದರೂ ನೈರೋಬಿಯ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ದಸರಾ ರಜೆಗೆ ಊರಿಗೆ ಹೋಗಿ ಬಂದರು. ಅವರ ಊರು ಶರಾವತಿ ಹಿನ್ನೀರಿನ ಆಚೆ. ಮುಂಜಾನೆ ದೋಣಿಯಲ್ಲಿ ದಾಟಿ, ನಡೆದು, ಸಾಗರದಲ್ಲಿ ಒಂದು ಬಸ್ಸು, ಹೊಸನಗರದಲ್ಲಿ ಇನ್ನೊಂದು, ತೀರ್ಥಹಳ್ಳಿಯಲ್ಲಿ ಮತ್ತೊಂದು ಹಿಡಿದು ಮೇಳಿಗೆಯಲ್ಲಿ ಇಳಿದಾಗ ಸಂಜೆ. ಬೆಂಚಿನಲ್ಲಿ ಕೂತು ಬೂಟಿನ ಮಣ್ಣು ಕೊಡವುತ್ತಾ, ಹನ್ನೆರಡು ಗಂಟೆ ಆಯ್ತು ಎಂದು ಬೇಸರಪಟ್ಟುಕೊಂಡರು. ಮುಕುಂದಯ್ಯ, ನಿಮ್ಮ ಮನೆ ಯಜಮಾನಿಯನ್ನು ಕೇಳಿ ಮೇಷ್ಟ್ರೆ, ಅವರು ಮೂರೂವರೆ ಗಂಟೆಯಲ್ಲಿ ಆಫ್ರಿಕಾ ಮುಟ್ಟಿದವರು ಎಂದು ಪೂರ್ತಿ ಕಥೆ ಹೇಳಿದರು.

ಮೇಷ್ಟ್ರು ನಗಲಿಲ್ಲ. ಮರುದಿನ ಭಾನುವಾರ, ಬೆಳಿಗ್ಗೆ ತಿಂಡಿ ಆದ ಮೇಲೆ ಕೇಳಿದರು. ಕನ್ನಮ್ಮ ಮೊದಲು ಬಿಡಿ ಅಂದರು. ಇವರೂ ನಗಲು ಬಂದಿದ್ದಾರೆ ಎಂದುಕೊಂಡರಂತೆ. ಮೇಷ್ಟ್ರು ಎದ್ದು ಹೋಗಲಿಲ್ಲ. ನೈರೋಬಿಯಲ್ಲಿ ಇಳಿದಾಗ ಬಿಸಿಲು ಹೇಗಿತ್ತು, ನೆರಳು ಉದ್ದವಿತ್ತೋ ಗಿಡ್ಡವಿತ್ತೋ ಎಂದು ಕೇಳಿದರು. ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕನ್ನಮ್ಮ ನೆನಪು ಮಾಡಿಕೊಂಡು, ನೆರಳು ಉದ್ದವೇ ಇತ್ತು, ಒಂಬತ್ತೂವರೆಯ ಬಿಸಿಲೇ ಹೌದು ಎಂದರು.

"ಹಾಗಾದ್ರೆ ಆ ಗಡಿಯಾರ ಸರಿಯಾಗೇ ಇತ್ತು. ಬೊಂಬಾಯಿದೂ ಸರಿ. ಎರಡೂ ಸರಿ ಇದ್ದದ್ದಕ್ಕೇ ನಿಮ್ಮ ಲೆಕ್ಕ ತಪ್ಪಿದ್ದು" ಎಂದರು ಮೇಷ್ಟ್ರು.

ಹಿತ್ತಲಿನ ಮರದಿಂದ ಒಂದು ಚಕ್ಕೋತ ಕಿತ್ತು ತಂದರು. ಅದರ ಮೈಗೆ ಎರಡು ಬೆಂಕಿಕಡ್ಡಿ ಚುಚ್ಚಿದರು, ಒಂದು ಬೊಂಬಾಯಿ, ಒಂದು ನೈರೋಬಿ. ಅಂಗಳದ ಬಿಸಿಲಿನಲ್ಲಿ ಹಣ್ಣನ್ನು ನಿಧಾನವಾಗಿ ತಿರುಗಿಸಿದರು. ಬೊಂಬಾಯಿ ಕಡ್ಡಿ ಮೊದಲು ಬಿಸಿಲಿಗೆ ಬಂತು, ನೈರೋಬಿ ಕಡ್ಡಿ ಇನ್ನೂ ನೆರಳಿನಲ್ಲೇ ಇತ್ತು. ನಮಗೆ ಮೊದಲು ಬೆಳಗಾಗುತ್ತದೆ, ಅವರಿಗೆ ಆಮೇಲೆ. ಅದಕ್ಕೆ ಅವರ ಗಡಿಯಾರ ನಮ್ಮದಕ್ಕಿಂತ ಹಿಂದೆ ಇರುತ್ತದೆ ಎಂದರು. ನೀವು ಅಲ್ಲಿಗೆ ಹೋದಾಗ ಆ ಹಿಂದಿದ್ದಷ್ಟು ಹೊತ್ತು ನಿಮ್ಮ ಲೆಕ್ಕದಿಂದ ಬಿಟ್ಟುಹೋಯಿತು, ಬರುವಾಗ ಅಷ್ಟೇ ಹೊತ್ತು ಮೇಲೆ ಸೇರಿಕೊಂಡಿತು. ಅದು ಎಷ್ಟೇ ಇರಲಿ, ಹೋಗಿದ್ದನ್ನೂ ಬಂದದ್ದನ್ನೂ ಕೂಡಿಸಿ ಅರ್ಧ ಮಾಡಿದರೆ ನಿಜವಾದ ಹೊತ್ತು ಸಿಗುತ್ತದೆ. ಮೂರೂವರೆಯೂ ಎಂಟೂವರೆಯೂ ಸೇರಿ ಹನ್ನೆರಡು. ಅರ್ಧ ಮಾಡಿದರೆ ಆರು.

ಕನ್ನಮ್ಮ ಹಣ್ಣನ್ನು ಕೈಗೆ ತೆಗೆದುಕೊಂಡು ತಾವೇ ಒಂದು ಸಲ ತಿರುಗಿಸಿ ನೋಡಿದರು.

"ಆರೇ ಅಂತೀರಾ?"

"ಆರೇ. ಒಂದೈದು ಹತ್ತು ನಿಮಿಷ ಆಚೆ ಈಚೆ."

"ನಾನು ವಿಮಾನದಲ್ಲಿ ಆರು ಕವಳ ಹಾಕಿದ್ದೆ ಮೇಷ್ಟ್ರೆ" ಎಂದರು ಕನ್ನಮ್ಮ. ಆಮೇಲೆ ಗಂಟೆಗೊಂದು ಕವಳದ ಕಟ್ಟು, ತೆಗೆಯಲು ಬಾರದ ಕಿಟಕಿ, ಸೆರಗಿನೊಳಗಿನ ಚೀಲ ಎಲ್ಲವನ್ನೂ ಹೇಳಿದರು. ಮೇಷ್ಟ್ರು ಆಗ ಮಾತ್ರ ಜೋರಾಗಿ ನಕ್ಕರು. ಕನ್ನಮ್ಮನಿಗೂ ನಗು ತಡೆಯಲಾಗಲಿಲ್ಲ. ಒಳಗಿದ್ದ ಮಾಸ್ತಪ್ಪನ ಹೆಂಡತಿ ಏನಾಯಿತೆಂದು ಹೊರಗೆ ಬಂದು ನೋಡಿದಳು.

ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳಬಹುದೇ ಎಂದು ಮೇಷ್ಟ್ರು ಕೇಳಿದರು. ಶಾಲೆಗೆ ಆಮೇಲೆ, ಮೊದಲು ಬಸ್ ನಿಲ್ಲುವಲ್ಲಿಗೆ ನಡೀರಿ ಎಂದರು ಕನ್ನಮ್ಮ. ಒಗೆದಿಟ್ಟ ಸೀರೆ ಉಟ್ಟು, ಚಕ್ಕೋತವನ್ನು ಕಡ್ಡಿಗಳ ಸಮೇತ ತಾವೇ ಹಿಡಿದುಕೊಂಡು ಹೊರಟರು.

ಬೆಂಚಿನಲ್ಲಿ ನಾಲ್ಕು ಜನ ಇದ್ದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕನ್ನಮ್ಮ ಹಣ್ಣನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾ ಎಲ್ಲವನ್ನೂ ತಾವೇ ಹೇಳಿದರು. ಎಲ್ಲೂ ತಡವರಿಸಲಿಲ್ಲ. ಚೀಲದ ಕಥೆಯನ್ನೂ ಬಿಡಲಿಲ್ಲ. ಮುಕುಂದಯ್ಯ ಟಿಕೆಟ್ ಪುಸ್ತಕದ ಹಿಂದೆ ಬರೆದು ಲೆಕ್ಕ ಹಾಕಿದರು. ಎರಡು ಸಾವಿರದ ಎಂಟುನೂರು ಮೈಲಿಯನ್ನು ಆರರಿಂದ ಭಾಗಿಸಿದರೆ ಗಂಟೆಗೆ ನಾನೂರ ಅರವತ್ತು ಚಿಲ್ಲರೆ. ವಿಮಾನಕ್ಕೆ ಅದು ಸರಿಯಾದ ವೇಗವೇ ಎಂದು ಮೇಷ್ಟ್ರು ಹೇಳಿದರು. ಮುಕುಂದಯ್ಯ ಇನ್ನೊಂದು ಸಲ ಭಾಗಿಸಿ ನೋಡಿದರು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಕನ್ನಮ್ಮ, ನನ್ನದು ತಪ್ಪಾಯ್ತು" ಎಂದರು. "ನನಗೆ ತೀರ್ಥಹಳ್ಳಿ ಗಡಿಯಾರವೊಂದೇ ಗೊತ್ತಿದ್ದದ್ದು."

ಕನ್ನಮ್ಮ ಬೆಂಚಿನಲ್ಲಿ ಕೂತರು. ಮುಕುಂದಯ್ಯ ಒಳಗಿನಿಂದ ಎಲೆಅಡಿಕೆ ತಟ್ಟೆ ತಂದು ಮುಂದಿಟ್ಟರು. ಆವತ್ತು ಸಂಜೆಯೊಳಗೆ ಅವರು ಪ್ರತಿ ಬಸ್ಸಿನ ಕಂಡಕ್ಟರಿಗೂ ವಿಷಯ ತಿಳಿಸಿದ್ದರು. ತಪ್ಪು ಸುದ್ದಿ ಯಾವ ದಾರಿಯಲ್ಲಿ ಹೋಗಿತ್ತೋ ಸರಿ ಸುದ್ದಿಯೂ ಅದೇ ದಾರಿಯಲ್ಲಿ ಹೋಯಿತು. ಅಂಗಡಿಯ ಗೋಡೆಯಲ್ಲಿ ಬಸ್ಸಿನ ಹೊತ್ತು ಬರೆದ ಕಪ್ಪು ಹಲಗೆಯೊಂದಿತ್ತು. ಅದರ ಕೊನೆಗೆ, ಸುಣ್ಣದಕಡ್ಡಿಯಲ್ಲಿ, ಮೇಳಿಗೆಯಿಂದ ಸಾಗರ ಆರು ಗಂಟೆ, ಬೊಂಬಾಯಿಯಿಂದ ನೈರೋಬಿ ಆರು ಗಂಟೆ ಎಂದು ಬರೆದರು. ಸಾಗರ ಮುಟ್ಟಲು ಬಹಳ ದಿನ ಆರು ಗಂಟೆ ಸಾಲುತ್ತಿರಲಿಲ್ಲ, ಅದು ಬೇರೆ ಮಾತು.

ಹಾಲಿನ ವಿಷಯದಲ್ಲಿ ಹಾಗೆ ಅಂದಿದ್ದ ಅತ್ತೆ, ಮುಂದೆ ಎರಡನೇ ಮೊಮ್ಮಗುವಿಗೂ ಕನ್ನಮ್ಮನನ್ನೇ ಕರೆಸಿದರು. ಹಳೆಯ ಮಾತನ್ನು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಹೊರಡುವ ದಿನ ಆಕೆ ತಾನೇ ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿದರಂತೆ.

ಅರವತ್ತೊಂಬತ್ತರಲ್ಲಿ ಮನೋರಮಾ ಮತ್ತೆ ಕಾಗದ ಬರೆದಳು. ಈ ಸಲ ಮಾಸ್ತಪ್ಪ ಏನೂ ಅಡ್ಡ ಹೇಳಲಿಲ್ಲ. ಶ್ಯಾಮನಿಗೆ ಕೆಲಸದಲ್ಲಿ ರಜೆ ಸಿಗಲಿಲ್ಲವಾದ್ದರಿಂದ ಬೊಂಬಾಯಿಯವರೆಗೆ ಬಿಟ್ಟುಬರಲು ಯಾರು ಎಂಬ ಪ್ರಶ್ನೆ ಬಂತು. ಗುತ್ಯಪ್ಪ ಮೇಷ್ಟ್ರು, ನಾನು ಬರುತ್ತೇನೆ ಎಂದು ತಾವಾಗಿಯೇ ಹೇಳಿದರು. ಆಮೇಲೆ ತಿಳಿಯಿತು, ಅವರು ವಿಮಾನವನ್ನು ಒಂದು ಸಲವೂ ಹತ್ತಿರದಿಂದ ನೋಡಿರಲಿಲ್ಲ. ದಾರಿಯುದ್ದಕ್ಕೂ ಕನ್ನಮ್ಮನೇ ಅವರಿಗೆ ಎಲ್ಲಿ ಇಳಿಯಬೇಕು, ಎಲ್ಲಿ ಗಾಡಿ ಬದಲಾಯಿಸಬೇಕು ಎಂದು ಹೇಳಿಕೊಟ್ಟರು.

ವಿಮಾನ ನಿಲ್ದಾಣದಲ್ಲಿ ಮೇಷ್ಟ್ರು ಬೇಲಿಯ ಈಚೆ ನಿಂತರು. ವಿಮಾನ ನೆಲ ಬಿಟ್ಟಿತು, ಸಮುದ್ರದ ಕಡೆ ತಿರುಗಿತು, ಸಣ್ಣದಾಗಿ ಕಾಣದಾಯಿತು. ಆದರೂ ಅವರು ಅಲ್ಲಿಂದ ಕದಲಲಿಲ್ಲ. ಕಾವಲಿನವನು ಬಂದು ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದ ಮೇಲೇ ಹೊರಟದ್ದಂತೆ. ಪುಣೆಯಲ್ಲಿ ರೈಲು ತಪ್ಪಿತು, ಬೀರೂರಿನಲ್ಲಿ ಅರ್ಧ ದಿನ ಕಾದರು. ನಾಲ್ಕನೇ ದಿನ ಅವರು ಮೇಳಿಗೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಕನ್ನಮ್ಮ ನೈರೋಬಿಯಲ್ಲಿ, ತಾವು ಇಳಿಯುವಷ್ಟರಲ್ಲೇ ಹುಟ್ಟಿದ್ದ ಮನೋರಮಳ ಗಂಡುಮಗುವಿಗೆ ಮೂರು ನೀರು ಹಾಕಿ ಮುಗಿಸಿದ್ದರು.